ತೊಟ್ಟಿಲ ಮುಂದೆ ಮುರಿದ ಮೌನ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ರೈತರ ಕಾಳುಕಡಿ ಮಾರಿಕೊಡುವ ಅಡತಿ ಅಂಗಡಿ ಅವನದು. ಹಣ ಇತ್ತು, ನಿಜ. ಆದರೆ ಊರು ಅವನನ್ನು ಮೆಚ್ಚುತ್ತಿದ್ದದ್ದು ಹಣಕ್ಕಲ್ಲ, ನಾಲಿಗೆಗೆ. ಚೀಲ ಹರಿದು ಕಡಲೆ ಚೆಲ್ಲಿದ ಹಮಾಲನಿಗೂ, ‘ಇರಲಿ ಬಿಡಪಾ, ಗುಬ್ಬಿಗೂ ಒಂದಿಷ್ಟು ಬೇಕಲ್ಲ’ ಅನ್ನುತ್ತಿದ್ದ. ಅಷ್ಟು ಮೃದು.

ನಡುವಯಸ್ಸಿನಲ್ಲಿ ಅವನಿಗೆ ಮೂರ್ಛೆ ಶುರುವಾಯಿತು. ಮೊದಲು ಎಲ್ಲಿಂದಲೋ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಅದು ಅವನೊಬ್ಬನಿಗೇ ಬರುವ ವಾಸನೆ. ಆಮೇಲೆ ನಿಂತಲ್ಲೇ ಬೀಳುತ್ತಿದ್ದ, ಕೈಕಾಲು ಸೆಟೆಯುತ್ತಿದ್ದವು. ಡಾಕ್ಟರು ಮಾತ್ರೆ ಕೊಟ್ಟರು. ಮೂರ್ಛೆ ನಿಂತಿತು. ಮನೆಯವರಿಗೆ ಸಮಾಧಾನವಾಯಿತು. ಆದರೆ ನೋಡಿ, ಮೂರ್ಛೆ ಬಿಟ್ಟುಹೋದ ಮನೆಗೆ ಇನ್ನೊಂದು ಬಂತು. ಏನದು? ಸಿಟ್ಟು.

ಎಂಥ ಸಿಟ್ಟು? ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಕಪ್ಪನ್ನು ಗೋಡೆಗೆ ಬಡಿಯುವಂಥ ಸಿಟ್ಟು. ಒಂದು ದಿನ ಅದೇ ಹಮಾಲನಿಗೆ, ‘ಕೈ ಮುರ್ಕೊಂಡು ಹುಟ್ಟೀಯೇನಲೇ?’ ಅಂದುಬಿಟ್ಟ. ಹಮಾಲ ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡು ಮುಂದಿನ ಚೀಲಕ್ಕೆ ಹೆಗಲು ಕೊಟ್ಟ. ಹೆರಿಗೆಗೆ ತವರಿಗೆ ಬಂದಿದ್ದ ಮಗಳು, ಅಪ್ಪ ಒಳಗೆ ಬಂದರೆ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗತೊಡಗಿದಳು. ಸಾಹುಕಾರ ಹೆದರಿದ. ಇದು ಯಾರ ನಾಲಿಗೆ? ನಾನು ಮೊದಲಿನಿಂದಲೂ ಹೀಗೇ ಇದ್ದೆನೇ? ಒಳ್ಳೆಯತನ ಬರೀ ತೋರಿಕೆಯಾಗಿತ್ತೇ?

ಹೆದರಿದವನು ಏನು ಮಾಡಿದ? ಡಾಕ್ಟರಿಗೆ ಹೇಳಿದನೇ? ಇಲ್ಲ. ಹೆಂಡತಿಗೆ ಹೇಳಿದನೇ? ಇಲ್ಲ. ಮೌನವ್ರತ ಹಿಡಿದ.

ಊರೇ ಕೊಂಡಾಡಿತು! ‘ಸಾಹುಕಾರ್ರು ಮಾತು ಬಿಟ್ಟಾರಂತ’ ಅಂದ ಒಬ್ಬ. ‘ರೊಕ್ಕಾ ಬಿಡು ಅಂದ್ರ ಬಿಡ್ತಿದ್ರೇನು? ಮಾತರ ಬಿಟ್ಟಾರ, ದೊಡ್ಡ ಮಾತದು’ ಅಂದ ಇನ್ನೊಬ್ಬ. ಅಂಗಡಿಗೆ ಬಂದವರು ಕಾಲು ಮುಟ್ಟಿ ನಮಸ್ಕಾರ ಮಾಡತೊಡಗಿದರು. ಅವನು ಕೈ ಎತ್ತಿ ಹರಸುತ್ತಿದ್ದ, ಒಳಗೆ ಹಲ್ಲು ಕಚ್ಚಿಕೊಂಡು. ನಾವು ಕಾಲು ಮುಟ್ಟುತ್ತೇವೆ. ಆ ಮೌನದ ಒಳಗೆ ಏನಿದೆ ಅಂತ ಕೇಳುತ್ತೇವೆಯೇ?

ಮೌನದಲ್ಲೇ ಡಾಕ್ಟರ ಹತ್ತಿರವೂ ಹೋದ. ‘ಹೆಂಗದೀರಿ ಸಾಹುಕಾರ್ರ? ಮಾತ್ರೀದ ತ್ರಾಸೇನರ ಐತೇನು?’ ಅಂತ ಡಾಕ್ಟರು ಕೇಳಿದರು. ಇವನು ನಕ್ಕು ಕೈ ಮುಗಿದ. ಹೆಂಡತಿ, ‘ಮೌನ ಹಿಡದಾರ್ರಿ. ಫಿಟ್ಸ್ ಬಂದಿಲ್ರಿ, ಎಲ್ಲಾ ಚೊಲೊ ಐತ್ರಿ’ ಅಂದಳು. ಅವಳಾದರೂ ಏನು ಮಾಡಿಯಾಳು? ಗಂಡನ ಸಿಟ್ಟನ್ನು ಪರರ ಮುಂದೆ ಆಡಬಾರದು ಅಂತಲೇ ಅವಳು ಬೆಳೆದವಳು. ನೋಡಿ, ಅಲ್ಲಿ ಮೂವರಿದ್ದರು. ಬೇಕಾದ ಒಂದು ಮಾತು ಮಾತ್ರ ಅಲ್ಲಿ ಹುಟ್ಟಲಿಲ್ಲ.

ಬಾಯಿ ಮುಚ್ಚಿದರೆ ಸಿಟ್ಟು ಹೋಗುತ್ತದೆಯೇ? ಕಣ್ಣಿಗೆ ಬಂತು, ಕೈಗೆ ಬಂತು. ಇದೆಲ್ಲ ಮಾತ್ರೆಯಿಂದಲೇ ಅಂತ ಅವನಿಗೆ ಅನುಮಾನ ಹುಟ್ಟಿತು. ಅನುಮಾನ ಸರಿಯಾಗಿಯೇ ಇತ್ತು. ಮಾಡಿದ್ದು ತಪ್ಪು. ಸಂಜೆಯ ಮಾತ್ರೆಯನ್ನು ಬಾಯಿಗೆ ಹಾಕಿದಂತೆ ಮಾಡಿ ಹಿತ್ತಲಿಗೆ ಎಸೆಯತೊಡಗಿದ. ಸಿಟ್ಟು ತಗ್ಗಿತು. ಮೂರ್ಛೆಯೂ ಬರಲಿಲ್ಲ. ಏನೂ ಆಗಲಿಲ್ಲ ಅಂತ ಹಗಲೆಲ್ಲ ಧೈರ್ಯ, ಇನ್ನೂ ಆಗಿಲ್ಲವಲ್ಲ ಅಂತ ಹಾಸಿಗೆಯಲ್ಲಿ ಭಯ. ಎಲ್ಲೋ ಕಸ ಸುಟ್ಟರೂ ಬೆಚ್ಚಿಬೀಳುತ್ತಿದ್ದ.

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಕಟ್ಟಿದರು. ಹೆಸರಿಡುವಾಗ ಕೂಸಿನ ಕಿವಿಯಲ್ಲಿ ಹೆಸರು ಕರೆಯುವವಳು ಸೋದರತ್ತೆ, ಅಂದರೆ ಅಳಿಯನ ತಂಗಿ. ಆದರೆ ಆ ಸೋದರತ್ತೆಯೇ, ‘ಇಷ್ಟು ದಿನ ಮೌನದಾಗಿದ್ದ ಬಾಯಿಂದ ಬರೋ ಮೊದಲ ಮಾತು ಕೂಸಿನ ಹೆಸರೇ ಆಗಲಿ. ಮಾವಾರೇ ಕರೀಲಿ’ ಅಂದಳು. ಎಲ್ಲರೂ ಹೌದೆಂದರು. ಬೇಡ ಅನ್ನಲು ಅವನಿಗೆ ಬಾಯೆಲ್ಲಿತ್ತು?

ಕೂಸನ್ನು ಅವನ ಕೈಗೆ ಕೊಟ್ಟರು. ಅವನು ಕೂಸಿನ ಕಿವಿಯ ಕಡೆ ಬಾಗಿದ. ಆಗ ಬಂತು, ಸುಟ್ಟ ರಬ್ಬರಿನ ವಾಸನೆ.

ಅವನಿಗೆ ತಿಳಿಯಿತು. ಕೈಯಲ್ಲಿ ಕೂಸು, ಕೆಳಗೆ ಕಲ್ಲಿನ ನೆಲ. ಮಾತಾಡಿದರೆ ವ್ರತ ಹೋಗುತ್ತದೆ, ಮಾನ ಹೋಗುತ್ತದೆ, ಮಾತ್ರೆ ಎಸೆದ ಕಳ್ಳತನ ಹೊರಗೆ ಬರುತ್ತದೆ. ಮಾತಾಡದಿದ್ದರೆ? ಜನ ಹೆಸರಿಗಾಗಿ ಕಿವಿಗೊಟ್ಟು ಕಾಯುತ್ತಿದ್ದರು. ಅವನು ಕಿರುಚಿದ: ‘ಕೂಸಿನ್ನ ಹಿಡೀರಿ! ನಾ ಬೀಳ್ತೀನಿ! ಮಾತ್ರಿ ಬಿಟ್ಟೀನಿ!’

ಮಗಳು ಹಾರಿ ಬಂದು ಕೂಸನ್ನು ಕಸಿದುಕೊಂಡಳು. ಅವನು ಬಿದ್ದ. ಯಾರೋ ಕೈಗೆ ಕಬ್ಬಿಣ ಕೊಡಲು ಓಡಿದರು. ‘ಕಬ್ಬಿಣ ಬ್ಯಾಡ, ಸರೀರಿ, ಗಾಳಿ ಬಿಡ್ರಿ’ ಎಂದು ಹೆಂಡತಿ ಅವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಸೆರಗನ್ನು ಮಡಿಚಿಟ್ಟಳು.

ಮರುದಿನ ಡಾಕ್ಟರ ಮುಂದೆ ಅವನು ಬಾಯಿ ಬಿಟ್ಟ. ‘ಸಿಟ್ಟು ನಂದ ಅಂತ ನಾಚಿಕಿ ಆತ್ರಿ. ನಾಚಿಕೀಗೆ ಔಷಧ ಎಲ್ಲೈತ್ರಿ?’ ಡಾಕ್ಟರು ಅಂದರು: ‘ಈ ಮಾತ್ರೀಲೆ ಕೆಲವರಿಗೆ ಸಿಟ್ಟು ಬರತೈತ್ರಿ. ನಿಮ್ಮದೋ ಮಾತ್ರೀದೋ ಅಂತ ನೋಡೋದು ನನ್ನ ಕೆಲಸ. ಹೇಳೋದಷ್ಟ ನಿಮ್ಮ ಕೆಲಸ.’ ಬೇರೆ ಮಾತ್ರೆಯನ್ನು ನಿಧಾನವಾಗಿ ಸೇರಿಸಿ, ಹಳೆಯದನ್ನು ನಿಧಾನವಾಗಿ ಇಳಿಸಿದರು. ಸಿಟ್ಟು ಬಹುಪಾಲು ಹೋಯಿತು. ಒಂದಿಷ್ಟು ಉಳಿಯಿತು. ‘ಉಳದದ್ದು ಅವರದ ಬಿಡ್ರಿ, ಅದು ನನಗ ಮದಲಿಂದ ಗೊತ್ತೈತಿ’ ಅಂದಳು ಹೆಂಡತಿ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಈ ಸಭೆಯಲ್ಲೂ ಮಾತ್ರೆ ನುಂಗಿ ಸುಮ್ಮನೆ ಕೂತವರಿದ್ದೀರಿ. ಒಬ್ಬರಿಗೆ ಮಂಪರು, ಇನ್ನೊಬ್ಬರಿಗೆ ಕೈನಡುಕ, ಮತ್ತೊಬ್ಬಳಿಗೆ ಬಾಚಣಿಗೆ ತುಂಬ ಕೂದಲು. ಮಗಳ ಮದುವೆ ತಪ್ಪೀತು ಅಂತ ಅವಳ ರೋಗವನ್ನೇ ಬಚ್ಚಿಟ್ಟ ತಾಯಿಯೂ ಇಲ್ಲಿದ್ದಾಳು. ಮಾತ್ರೆಯನ್ನು ನೀವಾಗಿ ಬಿಡಬೇಡಿ. ಕಷ್ಟವನ್ನು ನುಂಗಬೇಡಿ. ಡಾಕ್ಟರು ‘ಹೇಗಿದ್ದೀರಿ’ ಅಂದರೆ ‘ಚೆನ್ನಾಗಿದ್ದೇನೆ’ ಅನ್ನಬೇಡಿ, ಇದ್ದದ್ದನ್ನು ಹೇಳಿ. ಮನೆಯವರೇ, ‘ಮಾತ್ರೆ ತಗೊಂಡೆಯಾ’ ಅಂತಷ್ಟೇ ಕೇಳಬೇಡಿ. ‘ತಗೊಂಡರೆ ನಿನಗೇನಾಗುತ್ತದೆ’ ಅಂತಲೂ ಕೇಳಿ, ಉತ್ತರ ಬರುವ ತನಕ ಕೂತಿರಿ.

ಆ ಕೂಸಿಗೆ ಆಮೇಲೆ ಹೆಸರಿಟ್ಟರು. ಏನು ಹೆಸರು ಅಂತ ನನ್ನನ್ನು ಕೇಳಬೇಡಿ. ಅಜ್ಜ ಅದರ ಕಿವಿಯ ಹತ್ತಿರ ಆಡಿದ ಮೊದಲ ಮಾತು ‘ಹಿಡೀರಿ’. ಆ ಮಾತನ್ನು ಆಡಿದ್ದಕ್ಕೇ ಅದು ಇವತ್ತು ಅಂಗಳದಲ್ಲಿ ಓಡಾಡುತ್ತಿದೆ. ನೀವೂ ಬೀಳುವ ಮೊದಲೇ ಆಡಿ.