ಮೇಲ್ಸೇತುವೆಯ ತಿರುವಿನಲ್ಲಿ ಎಡಬದಿ ಹಿಡಿಸಿದ್ದರ ಬಗ್ಗೆ

ದಿನಾಂಕ 15-3-1986, ಶನಿವಾರ. ನನ್ನ ತಂದೆಯವರ ಮೇಲೆ ದಾಖಲಾಗಿರುವ ಅಪಘಾತದ ಮೊಕದ್ದಮೆಯಲ್ಲಿ ತಪ್ಪು ಯಾರದೆಂದು ಬರೆದುಕೊಡುವುದಷ್ಟೇ ಈ ಹೇಳಿಕೆಯ ಉದ್ದೇಶ.

ಹೆಸರು ನಂ. ಚಂದ್ರಾ, ವಯಸ್ಸು 20. ತಂದೆ ನಂಜಪ್ಪನ್, ಟ್ರೈಲರ್ ಲಾರಿ ಚಾಲಕರು. ವಾಸ ಉಡುಮಲೈಪೇಟೆ. ಬಿ.ಎಸ್‌ಸಿ. ಗಣಿತ, ಕೊನೆಯ ವರ್ಷ. ಮೂರು ವರ್ಷವೂ ತರಗತಿಗೆ ನಾನೇ ಮೊದಲಿಗಳು. ತಮ್ಮ ಮುಂದೆ ತಿಳಿಸಿಕೊಳ್ಳುವುದೇನೆಂದರೆ:

ನಿನ್ನೆ ಬೆಳಗ್ಗೆ 7.15ಕ್ಕೆ, ನೂಲಿನ ಗಿರಣಿಯ ಯಂತ್ರ ಹೇರಿದ್ದ ಲಾರಿಯಲ್ಲಿ ತಂದೆಯವರು, ಕ್ಲೀನರ್ ಅಯ್ಯಾಸಾಮಿ ಮತ್ತು ನಾನು ಕೊಯಮತ್ತೂರಿಗೆ ಹೊರಟೆವು. ನನಗೆ 10.30ಕ್ಕೆ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ದಾರಿಯಲ್ಲಿ ಅಯ್ಯಾಸಾಮಿಗೆ ವಾಂತಿ ಹತ್ತಿದ್ದರಿಂದ ಅವರನ್ನು ಬಸ್ಸಿನಲ್ಲಿ ಮನೆಗೆ ಕಳಿಸಿದೆವು.

9.35ಕ್ಕೆ ರೈಲ್ವೆ ಮೇಲ್ಸೇತುವೆಯ ಬುಡ ತಲುಪಿದೆವು. ಅಲ್ಲಿ ಏರುದಾರಿ ಎಡಕ್ಕೆ ಬಾಗಿದೆ. ಉದ್ದದ ಲಾರಿ ಏರುವಾಗ ಕ್ಲೀನರ್ ಮುಂದೆ ನಡೆದು ಕೆಂಪು ಬಟ್ಟೆ ಬೀಸಿ ಎದುರಿನ ವಾಹನಗಳನ್ನು ನಿಲ್ಲಿಸುವುದು, ಚಾಲಕರು ಬಲಬದಿಯಿಂದ ತಿರುವು ಹಿಡಿಯುವುದು ವಾಡಿಕೆ. ನಾನೇ ಇಳಿದು ಬೀಸುತ್ತೇನೆ ಎಂದೆ. ಕಾಲೇಜು ಓದುವ ಮಗಳನ್ನು ನಡುರಸ್ತೆಯಲ್ಲಿ ನಿಲ್ಲಿಸಲಾರೆ, ಇನ್ನೊಂದು ಲಾರಿ ಬರಲಿ, ಅದರ ಕ್ಲೀನರನ್ನು ಕರೆಯೋಣ ಎಂದು ತಂದೆಯವರು ಹೇಳಿದರು.

9.50ರವರೆಗೂ ಯಾವ ಲಾರಿಯೂ ಬರಲಿಲ್ಲ. ಎಡಬದಿಯ ಅಗಲ 12 ಅಡಿ, ಲಾರಿಯದು 8 ಅಡಿ, ಎಡದಲ್ಲೇ ಏರಬಹುದು ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ತಿರುವಿನಲ್ಲಿ ಹಿಂದಿನ ಚಕ್ರ ಎಡಕ್ಕೆ ಸರಿದು ಒಳಗೆ ಕೊಯ್ಯುತ್ತದೆ ಕಣವ್ವಾ ಎಂದರು. ಅದಕ್ಕೆ ಮೂರು ಅಡಿ ಬಿಟ್ಟಿದ್ದೇನೆ, ಅಳೆದ ಲೆಕ್ಕವಿದು ಎಂದೆ. ನಾನು ಅಳೆದಿರಲಿಲ್ಲ. ನಮ್ಮ ಮನೆಯ ಪ್ರೊಫೆಸರಮ್ಮನೇ ಹೇಳಿದ ಮೇಲೆ ಮುಗಿಯಿತಲ್ಲ ಎಂದು ತಂದೆಯವರು ನಕ್ಕು ಗೇರ್ ಹಾಕಿದರು.

9.54ಕ್ಕೆ ಟ್ರೈಲರಿನ ಹಿಂದಿನ ಎಡ ಚಕ್ರ ಅಂಚುಕಲ್ಲನ್ನು ಹತ್ತಿತು. ಅಲ್ಲಿ ನಡೆದು ಹೋಗುತ್ತಿದ್ದ ನೇಕಾರರ ಮನೆಯ ಕಣ್ಣಮ್ಮ, ವಯಸ್ಸು ಸುಮಾರು 35, ಅವರ ಬಲಪಾದ ಚಕ್ರದಡಿ ಸಿಕ್ಕಿತು. ನನ್ನ ದಾವಣಿ ಹರಿದು ಕಟ್ಟಿದೆ. ಆಸ್ಪತ್ರೆ ಮುಟ್ಟುವವರೆಗೂ ಆಕೆ ಕಂಕುಳಿನ ನೂಲಿನ ಕಟ್ಟನ್ನು ಬಿಡಲಿಲ್ಲ. ನೂಲು ಕೊಳೆಯಾಯಿತೇ ಎಂದು ನನ್ನನ್ನು ಎರಡು ಸಲ ಕೇಳಿದರು. ಇಂದು ಬೆಳಗ್ಗೆ ವೈದ್ಯರು ಆ ಪಾದವನ್ನು ಕತ್ತರಿಸಿ ತೆಗೆದಿದ್ದಾರೆ.

ನಿನ್ನೆ ಸಂಜೆ ಟೇಪು ಹಿಡಿದು ಚಕ್ರದ ಗುರುತು ಅಳೆದೆ. ಹಿಂದಿನ ಚಕ್ರ ಒಳಗೆ ಸರಿದದ್ದು ಐದು ಅಡಿ ಎರಡು ಅಂಗುಲ.

ಮಗಳು ನಿದ್ದೆಯಲ್ಲಿದ್ದಳು, ಅವಳಿಗೇನೂ ತಿಳಿಯದು ಎಂದು ತಂದೆಯವರು ಠಾಣೆಯಲ್ಲಿ ಹೇಳಿದ್ದಾರೆ. ನಾನು ಎಚ್ಚರವಾಗಿದ್ದೆ. ಇಂದು ಮೂರು ಸಲ ಲಾಕಪ್ಪಿನ ಮುಂದೆ ನಿಂತು, ನಿಜ ಹೇಳಿರಪ್ಪಾ ಎಂದು ಬೇಡಿದೆ. ಕಂಬಿಯೊಳಗಿಂದ ಕೈ ಚಾಚಿ ನನ್ನ ತಲೆ ಸವರಿ, ಊಟ ಮಾಡಿದೆಯಾ ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಬಲಬದಿಯಿಂದಲೇ ಆ ತಿರುವು ಹತ್ತಿದವರು ಅವರು. ನಿನ್ನೆ ಎಡ ಹಿಡಿದದ್ದು ನನ್ನ ಮಾತಿಗೆ. ದಯವಿಟ್ಟು ಅವರನ್ನು ಬಿಡಿ, ನನ್ನ ಹೆಸರು ಬರೆದುಕೊಳ್ಳಿ.

ಇದು ನನ್ನ ಕೈಬರಹ. ಯಾರೂ ಹೇಳಿ ಬರೆಸಿದ್ದಲ್ಲ. ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ, ಕೊಯಮತ್ತೂರು
15-3-1986, ಸಂಜೆ 4.10
(ಸಹಿ) ನಂ. ಚಂದ್ರಾ

4.20ಕ್ಕೆ ಸೇರಿಸಿದ್ದು: ಇದನ್ನು ಓದಿದ ಹೆಡ್ ಕಾನ್‌ಸ್ಟೇಬಲ್ ಮಯಿಲ್‌ಸಾಮಿಯವರು, ನಿನ್ನ ಓದು ಹಾಳಾಗುತ್ತದಮ್ಮಾ, ನಿಮ್ಮಪ್ಪನದೂ ಅದೇ ಮಾತು, ಹರಿದುಹಾಕಿ ಮನೆಗೆ ಹೋಗು ಎಂದು ಹೇಳಿ ಕಾಗದವನ್ನು ನನ್ನ ಕೈಗೇ ಕೊಟ್ಟರು. ನಾನು ಇದನ್ನು ಹರಿಯುವುದಿಲ್ಲ.