ಹುಳದ ಪಾಲಿನ ಲಿವರ್

ಹೇಳಿಕೆ ಕೊಟ್ಟವರು: ನೊಣದಕ್ಕ ಎಂದು ಕರೆಯಲ್ಪಡುವವಳು, ವಯಸ್ಸು 44 ವರ್ಷ, ಉದ್ಯೋಗ ಬೀಜದ ಕಂಪನಿಯಲ್ಲಿ ನೊಣ ಸಾಕಣೆ, ವಾಸ ಕಂಪನಿಯ ಹಿಂದಿನ ಕೆಲಸಗಾರರ ವಸತಿ, ಎರಡನೇ ಸಾಲು, ಏಳನೇ ಮನೆ.

ಠಾಣೆಗೆ ನಾನೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಈರುಳ್ಳಿ ಬೀಜ ಕಟ್ಟಬೇಕಾದರೆ ಹೂವಿನಿಂದ ಹೂವಿಗೆ ಪರಾಗ ಹೋಗಬೇಕು. ಬಲೆಮನೆಯೊಳಗೆ ಜೇನು ಸರಿಯಾಗಿ ನಿಲ್ಲದ ಕಾರಣ ಕಂಪನಿಯವರು ಮಾಂಸದ ನೊಣ ಸಾಕಿಸಿ ಬಿಡಿಸುತ್ತಾರೆ. ಅದರ ಮರಿಹುಳಕ್ಕೆ ಲಿವರ್ ಹಾಕಬೇಕು. ಇದು ಕಸಾಯಿಖಾನೆಯ ಡಾಕ್ಟರು ತಿನ್ನಲು ಯೋಗ್ಯವಲ್ಲವೆಂದು ತೆಗೆದುಹಾಕಿದ ಮಾಲು. ಗಂಟು, ಕೀವು ಇರುತ್ತದೆ. ಯಾರೂ ತಿನ್ನಬಾರದೆಂದು ಸೀಳಿ ನೀಲಿ ಬಣ್ಣ ಸುರಿದಿರುತ್ತಾರೆ. ಈ ಕೆಲಸದ ಬಗ್ಗೆ ನನಗೆ ಅಸಹ್ಯವಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರೆ ಕಿಟಕಿ ಸೀಟು ಸಿಕ್ಕಿತೆಂದುಕೊಳ್ಳುತ್ತೇನೆ.

ಈ ತಿಂಗಳು 3ನೇ ತಾರೀಖು ಬೆಳಿಗ್ಗೆ 8.15ಕ್ಕೆ ಮೇಲ್ವಿಚಾರಕರು ಬಂದು, ನೊಣಗಳು ಹೂವಿಗೆ ಹಾರದೆ ನೆಲದಲ್ಲಿ ಬಿದ್ದಿವೆ, ನೀನು ಮೈಗಳ್ಳಿಯಾಗಿದ್ದೀಯ ಎಂದು ಗದರಿದರು. ಮರಿಹುಳ ನೊಣವಾಗುವ ಮೊದಲು ಕಟ್ಟಿಕೊಳ್ಳುವ ಕೋಶಗಳಲ್ಲಿ ನಾನು ನೂರನ್ನು ತೂಗಿದೆ. ಮೂರು ಗ್ರಾಂ ಬರಬೇಕಾದದ್ದು ಎರಡೂ ಬರಲಿಲ್ಲ. ಹತ್ತು ಕೆಜಿಯ ಮೇವಿನ ಡಬ್ಬದಲ್ಲಿ ಲಿವರ್ ನಾಲ್ಕೇ ಕೆಜಿ ಇತ್ತು, ಉಳಿದದ್ದು ನೆನೆಸಿದ ತೌಡು. ಡಬ್ಬ ತುಂಬಿಸಿ ಕೊಡುವ ಸ್ಟೋರ್ ಮೇಸ್ತ್ರಿಯನ್ನು ಕೇಳಿದಾಗ ಕಸಾಯಿಖಾನೆಯಿಂದಲೇ ಕಡಿಮೆ ಬರುತ್ತಿದೆ ಎಂದನು. ನಂಬಿದೆ.

4ನೇ ತಾರೀಖು ಮಧ್ಯಾಹ್ನ 1.20ಕ್ಕೆ ಕಂಪನಿ ಗೇಟಿನಿಂದ ಅರವತ್ತು ಮೀಟರ್ ದೂರದ ಹೋಟೆಲಿನಲ್ಲಿ ಹುರಿದ ಲಿವರ್ ಕಟ್ಟಿಸಿಕೊಂಡು ಮನೆಗೆ ಹೋದೆ. ಸೈಕಲ್ ರಿಪೇರಿ ಮಾಡುವ ನನ್ನ ಗಂಡನಿಗೆ ಅದು ಇಷ್ಟವೆಂದು ಒಂದು ತಿಂಗಳಿಂದ ವಾರಕ್ಕೆ ಮೂರು ಸಲ ಒಯ್ಯುತ್ತಿದ್ದೆ. ಅವರು ನಾಲ್ಕು ತುಂಡು ತಿಂದರು. ಐದನೆಯದನ್ನು ನಾನು ಮುರಿದು ಬಾಯಿಗಿಟ್ಟೆ. ಕೈಯಲ್ಲಿ ಉಳಿದ ಅರ್ಧದೊಳಗೆ ನೀಲಿ ಗೆರೆ ಕಂಡಿತು. ಆ ನೀಲಿಯನ್ನು ದಿನಾ ಉಗುರಿನ ಸಂದಿಯಿಂದ ತಿಕ್ಕಿ ತೆಗೆಯುವವಳು ನಾನೇ. ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಬಾಯಿ ತೊಳೆದು ಬರುವಷ್ಟರಲ್ಲಿ ಅವರು ಉಳಿದ ಎರಡನ್ನೂ ತಿಂದು ಬೆರಳು ನೆಕ್ಕುತ್ತಿದ್ದರು.

ಸಂಜೆ 6ಕ್ಕೆ ಅವರಿಗೆ ವಾಂತಿ, ಭೇದಿ ಶುರುವಾಗಿ ಆಸ್ಪತ್ರೆಗೆ ಸೇರಿಸಿದೆ. ಏನು ತಿಂದರೆಂದು ಡಾಕ್ಟರು ಕೇಳಿದರು. ಗಂಡನ ಎದುರಿಗೇ ಹೇಳಬೇಕಾಯಿತು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಈಗ ಗುಣವಾಗುತ್ತಿದ್ದಾರೆ. ನನ್ನ ಕೈಯಿಂದ ನೀರೂ ಬೇಡವೆಂದಿದ್ದಾರೆ.

5ನೇ ತಾರೀಖು ಬೆಳಿಗ್ಗೆ 6.40ಕ್ಕೆ ಮೇಸ್ತ್ರಿ ಸ್ಟೋರಿನಿಂದ ಒಂದು ಬಕೆಟ್ ಲಿವರ್ ಹೊತ್ತು ಹೋಟೆಲಿನ ಹಿತ್ತಿಲಿಗೆ ಹೋದದ್ದನ್ನು ಕಂಡು ಹಿಂಬಾಲಿಸಿದೆ. ಹೋಟೆಲಿನವನು ಮೇಸ್ತ್ರಿಯ ಭಾವಮೈದುನ. ಅವನು ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುವ ತಂತಿ ನಾರಿನಿಂದ ನೀಲಿಯನ್ನು ಉಜ್ಜುತ್ತ, ಕೀವಿನ ಗಂಟನ್ನು ಚಾಕುವಿನಿಂದ ಕೆರೆಯುತ್ತಿದ್ದ. ಇದನ್ನು ಜನಕ್ಕೆ ಬಡಿಸುತ್ತೀಯಾ ಎಂದು ಕೇಳಿದೆ.

“ಬೆಂದ ಮೇಲೆ ಎಲ್ಲಾ ಒಂದೇ ಅಕ್ಕ. ಇಷ್ಟು ದಿನ ನೀನೂ ಚಪ್ಪರಿಸ್ಕೊಂಡು ತಿಂದಿಲ್ವಾ?” ಎಂದು ಹೋಟೆಲಿನವನು ಅಂದನು.

ಬಾಯಿಬಿಟ್ಟರೆ ನೊಣ ಹಾರದೆ ಬಿದ್ದ ತಪ್ಪನ್ನು ನಿನ್ನ ತಲೆಗೇ ಕಟ್ಟುತ್ತೇನೆಂದು ಮೇಸ್ತ್ರಿ ಹೆದರಿಸಿದನು. ನಾನು ಬಕೆಟ್ ಎತ್ತಿಕೊಂಡು ನೊಣದ ಕೋಣೆಗೆ ಹೋದೆ. ಅದಕ್ಕೆ ಚಿಲಕವಿಲ್ಲ. ಇಬ್ಬರೂ ಹೊಸ್ತಿಲವರೆಗೆ ಬಂದು, ಥೂ ಗಲೀಜು ಎಂದು ಮೂಗು ಮುಚ್ಚಿಕೊಂಡು ನಿಂತರೇ ಹೊರತು ಒಳಗೆ ಕಾಲಿಡಲಿಲ್ಲ. ಮೇಲ್ವಿಚಾರಕರು ಬಂದ ಮೇಲೆ ಅವರಿಬ್ಬರೂ ಓಡಿಹೋದರು. ಆ ಬಕೆಟ್ಟನ್ನು ಠಾಣೆಗೆ ಹಾಜರುಪಡಿಸಿದ್ದೇನೆ. ಇಬ್ಬರ ಮೇಲೂ ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ಹೋಟೆಲಿನ ಗುರುತು ಹೇಳಿದಾಗ, ಅಲ್ಲಿಯವರೆಗೆ ಬರೆದುಕೊಳ್ಳುತ್ತಿದ್ದ ಪೇದೆಯವರು ಗೇಟಿನ ಎದುರಿನದೇ, ಹಸಿರು ಬಾಗಿಲಿನದೇ ಎಂದು ಎರಡು ಸಲ ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೊರಗೆ ಓಡಿದರು. ಅಲ್ಲಿಂದ ಮುಂದಿನದನ್ನು ಬೇರೆಯವರು ಬರೆದುಕೊಂಡಿದ್ದಾರೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: ಈ ತಿಂಗಳು 5, ಬೆಳಿಗ್ಗೆ 10.35
ಸಹಿ: ನೊಣದಕ್ಕ