ವಚನಾಳ ಸರದಿ

ನಮ್ಮ ಪಕ್ಕದ ಮನೆಯ ಚಿದಾನಂದನಿಗೆ ಆದದ್ದು. ಹೋದ ಡಿಸೆಂಬರ್, ಇಲ್ಲೇ ಕಾಶಿಯಲ್ಲಿ.

ಸಾರನಾಥದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಅವತ್ತು ಹೊತ್ತಾಗಿತ್ತು. ಆಟೋ ಇಳಿದು ಜಂಗಮವಾಡಿ ಗಲ್ಲಿಗೆ ನಡೆದು ಬರುತ್ತಿದ್ದ. ಮಂಜು. ಮೂಲೆಯಲ್ಲಿ ಜಾಲರಿ ಹೊದಿಸಿದ ಹಳೇ ಬಾವಿ. ಅದರೊಳಗಿಂದ ಸದ್ದು… ಗುಂಯ್ಯ್… ನೀರಲ್ಲ. ಕಪ್ಪೆಯಲ್ಲ. ಕಂಪ್ಯೂಟರುಗಳಿಗೆ ಮೈತುಂಬ ಕೆಲಸ ಬಿದ್ದಾಗ ಅವುಗಳ ಫ್ಯಾನು ಮಾಡುವ ಸದ್ದು.

ಆ ಸದ್ದು ಅವನಿಗೆ ಗೊತ್ತಿತ್ತು. ನಾಲ್ಕಾರು ಊರಿನ ಕಂಪ್ಯೂಟರುಗಳನ್ನು ಬೆಸೆದ ಗ್ರಿಡ್ ಅವನ ಕೈಯಲ್ಲಿತ್ತು. ಒಬ್ಬೊಬ್ಬರ ಲೆಕ್ಕಕ್ಕೂ ಅದರೊಳಗೆ ಒಂದೊಂದು ಮಾಯಾಯಂತ್ರ, ಕಂಪ್ಯೂಟರಿನೊಳಗೊಂದು ತೋರಿಕೆಯ ಕಂಪ್ಯೂಟರು. ಬೇಕೆಂದಾಗ ಅದನ್ನು ಮಲಗಿಸಬಹುದು. ಇನ್ನೊಂದು ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಎಬ್ಬಿಸಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇದು ಪರಕಾಯ ಪ್ರವೇಶ ಅನ್ನುತ್ತಿದ್ದ. ಕಾಶಿಯಲ್ಲಿ ಸತ್ತವರಿಗೆ ಮರುಜನ್ಮವಿಲ್ಲ, ನನ್ನ ಗ್ರಿಡ್‌ನಲ್ಲಿ ಉಂಟು ಎಂದು ನಗಿಸುತ್ತಿದ್ದ. ಯಾರದು ಮೊದಲು, ಯಾರದು ಆಮೇಲೆ… ಅವನು ಹೇಳಿದ್ದೇ.

ವಚನಾ ಅವನ ವಿದ್ಯಾರ್ಥಿನಿ. ಗಂಗೆಯ ನೆರೆಯ ಲೆಕ್ಕ ಅವಳದು. ಅವಳ ಯಂತ್ರವನ್ನು ಮತ್ತೆ ಮತ್ತೆ ಮಲಗಿಸಿ ತನ್ನದನ್ನು ಓಡಿಸಿಕೊಂಡ. ಅವಳು ಬಾಗಿಲಲ್ಲಿ ನಿಂತು ಕೇಳುವಳು: "ನನ್ನ ಸರದಿ ಯಾವಾಗ, ಸರ್?" ಜ್ವರ ಬಂದರೂ ಆಸ್ಪತ್ರೆಗೆ ಹೋಗದೆ ಕಾದಳು. ಕೊನೆಗೆ ಊರಿಗೆ ಕರೆದೊಯ್ಯುವಾಗ ರೈಲಿನಲ್ಲೇ ಜೀವ ಬಿಟ್ಟಳು. ಕಾಶಿ ದಾಟಿದ ಮೇಲೆ…

ಚಿದಾನಂದ ಅವಳ ಯಂತ್ರವನ್ನು ಅಳಿಸಿಹಾಕಿದ.

ಬಾವಿಯ ಹತ್ತಿರ ಅವನ ಫೋನು ಟಿಣ್ ಎಂದಿತು. ಬೆಳಗಾಗುವುದರೊಳಗೆ ಅವನ ಲೆಕ್ಕ ಮುಗಿಯಬೇಕಿತ್ತು. ಪ್ರೊಫೆಸರ್ ಹುದ್ದೆ ಅದರ ಮೇಲೆ ನಿಂತಿತ್ತು. ನೋಡಿದರೆ ಅದು ಮಲಗಿದೆ. ಇಡೀ ಗ್ರಿಡ್‌ನಲ್ಲಿ ಓಡುತ್ತಿದ್ದುದು ಒಂದೇ. ವಚನಾಳದ್ದು.

ಕಂಪ್ಯೂಟರ್ ಕೋಣೆ ಕಾಯುವ ಅಮರಯ್ಯನಿಗೆ ಫೋನ್ ಹಚ್ಚಿದ. ಪಿಸುದನಿ.

"ಈಗ ಒಂದೇ ಯಂತ್ರ ಓಡ್ತಿದೆಯಲ್ಲ, ಅದಿರೋ ಪೆಟ್ಟಿಗೆ ಬಂದ್ ಮಾಡು."

ಟಕ್.

"ಮಾಡೀನ್ರಿ. ಬಾಜೂದಕ್ಕ ಹೋತು."

"ಅದನ್ನೂ ಮಾಡು."

ಟಕ್… ಟಕ್…

"ಸರ, ಯಾರನ್ನ ಬೆನ್ನಟ್ಟಾಕ ಹತ್ತೀವ್ರಿ?"

"ಹೇಳಿದ್ದು ಮಾಡು."

ಬೇರೆ ಊರಿನವೂ ಒಂದೊಂದಾಗಿ ಆರಿದವು. ಬಾವಿ ಸುಮ್ಮನಾಯಿತು.

"ಎಲ್ಲಾ ಬಂದ್ ಆದ್ವು, ಸರ. ಆದ್ರ ಅದು ಓಡೂದು ನಿಂತಿಲ್ರಿ."

"ಎಲ್ಲಿ ಓಡ್ತಿದೆ?"

ಅಮರಯ್ಯ ಪರದೆ ನೋಡಿ ಓದಿದ.

"ಪೆಟ್ಟಿಗಿ ಹೆಸರು… ಚಿದಾನಂದ ಅಂತ ತೋರಸ್ತೈತ್ರಿ."

ಚಿದಾನಂದ ಉತ್ತರಿಸಲು ಬಾಯಿ ತೆರೆದ. ಮಾತು ಅಲ್ಲೇ ನಿಂತಿತು.

ಬೆಳಗ್ಗೆ ಹಾಲಿನವನು ಕಂಡಾಗಲೂ ಹಾಗೇ ನಿಂತಿದ್ದ. ಬಾಯಿ ತೆರೆದುಕೊಂಡು. ಹೆಂಡತಿ ವಿಶಾಲಾಕ್ಷಿ ಆಸ್ಪತ್ರೆಗೆ ಕರೆದೊಯ್ದಳು. ಜೊತೆಗೆ ನಾನೂ ಹೋದೆ. ಉದ್ದ ಸಾಲು. ಇವರ ಸರದಿ ಯಾವಾಗ ಎಂದು ಅವಳು ನರ್ಸನ್ನು ಕೇಳಿದಳು.

ನರ್ಸ್ ಚೀಟಿ ತಿರುವುತ್ತಿದ್ದಳು. ಚಿದಾನಂದನ ಬಾಯಿಂದ ಹುಡುಗಿಯ ದನಿ ಬಂತು. ಮೆಲ್ಲಗೆ.

"ನನ್ನದು ಮುಗಿದ ಮೇಲೆ, ಸರ್."

ಅಷ್ಟೇ. ಮತ್ತೆ ಮಾತಿಲ್ಲ. ಇವತ್ತಿಗೂ ಇಲ್ಲ.

ನಂಬದಿದ್ದರೆ ಬಿಡಿ. ನಡೆದದ್ದು ನಡೆದದ್ದೇ. ಆ ಚಳಿಯಲ್ಲಿ ಆಸ್ಪತ್ರೆಯ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಅವನ ಎದೆಗೆ ಕಿವಿ ಇಟ್ಟೆ. ಬಿಸಿ. ಗುಂಯ್ಯ್…